ಎರಡು ಟ್ರಂಕು, 187 ಕ್ಯಾಸೆಟ್: ರಾಯಚೂರಿನ ರಸಿಕರೊಬ್ಬರ ಸಂಗೀತ ಕಛೇರಿ ಧ್ವನಿಮುದ್ರಣಗಳನ್ನು ಉಳಿಸಿದ ಪ್ರಕರಣ

ರಾಯಚೂರಿನ ತೀನ್ ಕಂದೀಲ್ ಆಸುಪಾಸಿನ ಹಳೆಯ ಮನೆ. ಯಜಮಾನರು ಶಾಲಾ ಮಾಸ್ತರರಾಗಿ ನಿವೃತ್ತರಾದವರು. ಹಾಡಿದವರಲ್ಲ, ಬಾರಿಸಿದವರಲ್ಲ, ಕೇಳಿದವರು. 1979ರಿಂದ 2003ರವರೆಗೆ ರಾಯಚೂರು, ಮಾನ್ವಿ, ಸಿಂಧನೂರು, ಗಂಗಾವತಿ, ಕೊಪ್ಪಳ, ಬಳ್ಳಾರಿ ಕಡೆ ಎಲ್ಲಿ ಹಾಡಿಕೆ ಇದ್ದರೂ ಹೆಗಲಿಗೆ ಟೇಪ್ ರೆಕಾರ್ಡರ್ ಹಾಕಿಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂಡುತ್ತಿದ್ದರು. ಅವರು ತೀರಿಕೊಂಡ ಮರುವರ್ಷ ಮನೆ ಮಾರುವ ಮಾತು ಬಂತು, ಎರಡು ಟ್ರಂಕು, ಒಂದು ಬಟ್ಟೆಚೀಲ ಹೊರಬಂದವು. ಒಳಗೆ 187 ಕ್ಯಾಸೆಟ್, ಬಿಡಿ ಗಾಲಿಗೆ ಸುತ್ತಿದ 6 ಸ್ಪೂಲ್ ಟೇಪು, 3 ನೋಟ್‌ಬುಕ್ ಇದ್ದವು.

ಇವುಗಳಲ್ಲಿ ಹೆಚ್ಚಿನವು ಹಿಂದೂಸ್ತಾನಿ ಗಾಯನದ ಬೈಠಕ್ಕುಗಳು. ಉಳಿದವು ಆರಾಧನೆಗಳಲ್ಲಿ ಹಾಡಿದ ದಾಸರ ಪದ, ಮಠಗಳಲ್ಲಿ ಹಾಡಿದ ವಚನ ಮತ್ತು ತತ್ವಪದ, ಕಂಪನಿ ನಾಟಕದ ಒಂದಷ್ಟು ರಂಗಗೀತೆ. ಗಾಯಕ ಸಿದ್ಧರಾಮ ಜಂಬಲದಿನ್ನಿ ಅವರ ಹೆಸರಿನಲ್ಲಿ ರಂಗಮಂದಿರ ಕಟ್ಟಿಕೊಂಡ ಊರಿದು. ದಾಸ ಸಾಹಿತ್ಯದ ಜಗನ್ನಾಥದಾಸರ ಮಾನ್ವಿ ಇಲ್ಲಿಂದ ದೂರವಿಲ್ಲ. ಇಂಥ ಸೀಮೆಯಲ್ಲಿ ರಾತ್ರಿಯಿಡೀ ನಡೆದ ಹಾಡಿಕೆಗಳಲ್ಲಿ ಸ್ಟುಡಿಯೊ ತಲುಪಿದವು ಬಹಳ ಕಡಿಮೆ. ಆಕಾಶವಾಣಿಗೆ ಹಾಡಿದವರೂ ಅಲ್ಲಿ ನಿಗದಿಯಾದ ನಿಮಿಷಗಳಿಗೆ ಹಾಡಿದರು. ಮಠದ ಅಂಗಳದಲ್ಲಿ ಒಂದೇ ರಾಗವನ್ನು ಒಂದೂವರೆ ಗಂಟೆ ಹಾಡಿದ್ದು ಎಲ್ಲಾದರೂ ಉಳಿದಿದ್ದರೆ ಇಂಥ ಕೇಳುಗರ ಟ್ರಂಕಿನಲ್ಲಿಯೇ.

ಇಡೀ ಕೆಲಸ ನಿಂತದ್ದು ಒಂದು ಪ್ರಶ್ನೆಯ ಮೇಲೆ: ಯಾವುದನ್ನು ನಾಳೆ ಮತ್ತೆ ಮಾಡಬಹುದು, ಯಾವುದನ್ನು ಮಾಡಲಾಗದು? ಗೊರಗೊರ ಸದ್ದು ತೆಗೆಯುವುದು, ಹಾಡುಗಳನ್ನು ಬಿಡಿಸಿಡುವುದು ಹತ್ತು ವರ್ಷ ಬಿಟ್ಟು ಮಾಡಿದರೂ ನಡೆಯುತ್ತದೆ. ಹರಿದ ಟೇಪು, ಅಳಿಸಿಹೋದ ಬರಹ, ಕಣ್ಮರೆಯಾದ ಸಾಥಿದಾರರ (ಪಕ್ಕವಾದ್ಯದವರ) ನೆನಪು ಹಾಗಲ್ಲ. ಈ ಲೆಕ್ಕ ಎಲ್ಲಿ ಸರಿಯಾಯಿತು, ಎಲ್ಲಿ ತಪ್ಪಿತು ಎಂಬುದು ಮುಂದಿದೆ.

ಮೊದಲ ದಿನ

ಮನೆಯವರಿಗೆ ಮೊದಲು ಹೇಳಿದ್ದು ಒಂದೇ ಮಾತು: ಯಾವ ಕ್ಯಾಸೆಟ್ಟನ್ನೂ ಹಾಕಿ ಕೇಳಬೇಡಿ. ಇದು ಅವರಿಗೆ ಕಷ್ಟದ ಮಾತಾಗಿತ್ತು. "ಅಪ್ಪ ಇದ್ದಾಗ ಇದಕ್ಕ ಯಾರೂ ಕೈ ಹಚ್ಚಂಗಿರ್ಲಿಲ್ರಿ. ಈಗರ ಒಮ್ಮೆ ಕೇಳೋಣಂದ್ರ ನೀವೂ ಬ್ಯಾಡಂತೀರಿ" ಎಂದರು ಮಗಳು. ಆದರೆ ಮನೆಯಲ್ಲಿದ್ದ ಟೇಪ್ ರೆಕಾರ್ಡರಿನಲ್ಲಿ ಟೇಪನ್ನು ಒತ್ತಿ ಎಳೆಯುವ ಪಿಂಚ್ ರೋಲರಿನ ರಬ್ಬರು ಕಲ್ಲಿನಂತಾಗಿತ್ತು. ಬೆಲ್ಟು ಕರಗಿ ಡಾಂಬರಿನಂತೆ ಅಂಟಿತ್ತು. ಇಂಥ ಯಂತ್ರಕ್ಕೆ ಹಾಕಿದ ಟೇಪು ರೋಲರಿಗೆ ಸುತ್ತಿಕೊಂಡು ಮಡಚಿಹೋಗುತ್ತದೆ. ಮಡಿಕೆ ಬಿದ್ದ ಕಡೆ ಪ್ರತಿ ಸಲವೂ ದನಿ ಮುಗ್ಗರಿಸುತ್ತದೆ. ಇಪ್ಪತ್ತು ಮೂವತ್ತು ವರ್ಷ ಸುಮ್ಮನೆ ಬಿದ್ದ ಟೇಪಿಗೆ ಮೊದಲ ಓಟವೇ ಕೊನೆಯ ಒಳ್ಳೆಯ ಓಟ ಆಗಿರಬಹುದು. ಆ ಓಟವನ್ನು ಸರಿಯಾದ ಯಂತ್ರದಲ್ಲಿ, ದಾಖಲಿಸಿಕೊಳ್ಳುತ್ತಲೇ ಓಡಿಸಬೇಕು.

ಎರಡನೆಯದು, ಜೋಡಿಸಿಟ್ಟ ಕ್ರಮ ಕೆಡಿಸಬಾರದು. ಟ್ರಂಕಿನಲ್ಲಿದ್ದಂತೆಯೇ ಮೇಲಿನಿಂದ ಒಂದೊಂದು ಪದರ ಫೋಟೊ ತೆಗೆದು, ಅದೇ ಕ್ರಮದಲ್ಲಿ 001ರಿಂದ 187ರವರೆಗೆ ಅಂಕಿ ಕೊಡಲಾಯಿತು. ಅಂಕಿ ಬರೆದದ್ದು ಡಬ್ಬಿಯ ಹೊರಗೆ ಅಂಟಿಸಿದ ಕಾಗದದ ಚೀಟಿಯ ಮೇಲೆ, ಪೆನ್ಸಿಲಿನಲ್ಲಿ. ಮಾಸ್ತರರು ಕೈಯಾರೆ ಬರೆದ ಲೇಬಲ್ಲಿನ ಮೇಲೆ ಒಂದು ಗೆರೆಯೂ ಬೀಳಲಿಲ್ಲ. ಪ್ರತಿ ಕ್ಯಾಸೆಟ್ಟಿಗೆ ಐದು ಫೋಟೊ: ಡಬ್ಬಿ, ಒಳಕಾರ್ಡಿನ ಎರಡು ಮುಖ, ಕ್ಯಾಸೆಟ್ಟಿನ ಎರಡು ಬದಿ. ಡಬ್ಬಿ ಒಂದರದ್ದು, ಕ್ಯಾಸೆಟ್ ಇನ್ನೊಂದರದ್ದು ಆಗಿದ್ದ ಪ್ರಸಂಗ ಎಂಟು ಸಿಕ್ಕವು. ಅವನ್ನು ಆಗಲೇ ಅದಲುಬದಲು ಮಾಡದೆ ಬರೆದಿಟ್ಟುಕೊಂಡದ್ದು ಒಳ್ಳೆಯದಾಯಿತು. ಎರಡು ಕಡೆ ಡಬ್ಬಿಯ ಬರಹವೇ ಸರಿ, ಕ್ಯಾಸೆಟ್ಟಿನ ಮೇಲಿನದೇ ಹಳೆಯ ಧ್ವನಿಮುದ್ರಣದ್ದು ಎಂದು ಕೇಳಿದ ಮೇಲೆ ತಿಳಿಯಿತು. ಅವರು ಕ್ಯಾಸೆಟ್ ಅಳಿಸಿ ಮತ್ತೆ ತುಂಬಿದ್ದರು.

ಹಳೆಯ ದನಿ ಅಳಿಸುವ ರೆಕಾರ್ಡ್ ಗುಂಡಿ ತಪ್ಪಿ ಒತ್ತಿದರೂ ಏನೂ ಆಗದಂತೆ ಕ್ಯಾಸೆಟ್ಟಿನ ಹಿಂಬದಿಯ ಎರಡೂ ಪ್ಲಾಸ್ಟಿಕ್ ಹಲ್ಲುಗಳನ್ನು ಆ ದಿನವೇ ಮುರಿದದ್ದು. 40 ಕ್ಯಾಸೆಟ್ಟುಗಳಲ್ಲಿ ಆ ಜಾಗಕ್ಕೆ ಅವರು ಮತ್ತೆ ತುಂಬಲೆಂದು ಅಂಟುಪಟ್ಟಿ ಹಚ್ಚಿದ್ದರು. ಅದನ್ನೂ ಕಿತ್ತು ತೆಗೆಯಲಾಯಿತು.

ವಿಂಗಡಣೆ

ಓಡಿಸಲು ಯೋಗ್ಯ 128. ಟೇಪನ್ನು ದನಿ ಓದುವ ಹೆಡ್ಡಿಗೆ ಒತ್ತಿಹಿಡಿಯುವ ಪ್ಯಾಡು ಬಿದ್ದದ್ದು ಅಥವಾ ಅದರ ಹಿಂದಿನ ತಗಡು ತುಕ್ಕು ಹಿಡಿದದ್ದು 31. ಬೂಷ್ಟು ಹಿಡಿದದ್ದು 17. ಟೇಪು ತುಂಡಾದದ್ದು, ಬಿಗಿದು ತಿರುಗದದ್ದು 11. ಅವಧಿಯ ಲೆಕ್ಕದಲ್ಲಿ 60 ನಿಮಿಷದವು 112, 90 ನಿಮಿಷದವು 66, 120 ನಿಮಿಷದವು 9.

ಅವಧಿ ನೋಡುವುದಕ್ಕೆ ಕಾರಣವಿದೆ. ಕ್ಯಾಸೆಟ್ಟಿನೊಳಗಿನ ಜಾಗ ಒಂದೇ. ಹೆಚ್ಚು ನಿಮಿಷ ಬೇಕಾದರೆ ಟೇಪು ತೆಳ್ಳಗಾಗಬೇಕು. 60ರ ಟೇಪು ಸುಮಾರು 18 ಮೈಕ್ರಾನ್ ದಪ್ಪ, 90ರದ್ದು 12, 120ರದ್ದು 9. ತೆಳುವಾದದ್ದು ಎಳೆದರೆ ಹಿಗ್ಗುತ್ತದೆ, ರೋಲರಿಗೆ ಸುತ್ತಿಕೊಳ್ಳುತ್ತದೆ. ಪಕ್ಕದ ಸುತ್ತಿನ ದನಿಯೂ ಅದಕ್ಕೆ ಬೇಗ ಮೂಡುತ್ತದೆ. ಮೌನದಲ್ಲಿ ಮುಂದಿನ ಆಲಾಪದ ನೆರಳು ಒಂದು ಕ್ಷಣ ಮೊದಲೇ ಕೇಳುವುದು ಈ ಕಾರಣಕ್ಕೆ. ಶೆಖೆ ಹೆಚ್ಚಿದಷ್ಟೂ ಈ ನೆರಳು ಗಾಢವಾಗುತ್ತದೆ, ಮತ್ತು ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಟ್ರಂಕುಗಳಿದ್ದದ್ದು ಅಟ್ಟದ ಮೇಲೆ. ಓಡಿಸುವ ಮೊದಲು ಒಂದೆರಡು ಸಲ ತುದಿಯಿಂದ ತುದಿಗೆ ಸುತ್ತಿಸಿದರೆ ನೆರಳು ಕೊಂಚ ಇಳಿಯುತ್ತದೆ. ಗಟ್ಟಿ ಟೇಪುಗಳಿಗೆ ಹಾಗೆ ಮಾಡಲಾಯಿತು. 120ರ ಒಂಬತ್ತನ್ನು ಮಾತ್ರ ವೇಗವಾಗಿ ಸುತ್ತಿಸಲೇ ಇಲ್ಲ.

ರೇಡಿಯೊದಿಂದ ತುಂಬಿಕೊಂಡವು 23 ಎಂದು ನೋಟ್‌ಬುಕ್ಕು ಹೇಳುತ್ತಿತ್ತು. ಇವನ್ನು ಕೊನೆಗೆ ತಳ್ಳಬಹುದು, ಆದರೆ ಪಟ್ಟಿಯಿಂದ ಕೈಬಿಡಬಾರದು. ಟೇಪು ದುಬಾರಿಯಿದ್ದ ಕಾಲ. ಬೈಠಕ್ಕಿನಲ್ಲಿ ಕ್ಯಾಸೆಟ್ ಮುಗಿದರೆ ಕೈಗೆ ಸಿಕ್ಕ ಇನ್ನೊಂದರ ಖಾಲಿ ಜಾಗಕ್ಕೆ ತುಂಬುತ್ತಿದ್ದರು. ರೇಡಿಯೊ ಕ್ಯಾಸೆಟ್ಟೊಂದರ ಎರಡನೇ ಬದಿಯ ಕೊನೆಗೆ ಸಿಕ್ಕ 12 ನಿಮಿಷ, 064ನೆಯ ಕ್ಯಾಸೆಟ್ಟಿನಲ್ಲಿ ಅರ್ಧಕ್ಕೆ ನಿಂತಿದ್ದ ಭೈರವಿಯ ಉಳಿದ ಭಾಗ.

ಸ್ಪೂಲುಗಳನ್ನು ಮುಟ್ಟಲಿಲ್ಲ. ಅವಕ್ಕೆ ಬೇರೆ ಯಂತ್ರ, ಬೇರೆ ಅನುಭವ ಬೇಕು. ಅರೆಬರೆ ಗೊತ್ತಿದ್ದವರು ಹಾಳು ಮಾಡುವುದಕ್ಕಿಂತ ತಂಪು ಕೋಣೆಯಲ್ಲಿ ನಿಲ್ಲಿಸಿಟ್ಟು ಕಾಯುವುದು ಮೇಲು.

ಬೂಷ್ಟು, ಪ್ಯಾಡು, ತುಂಡು

ಒಣ ಹವೆಯ ಊರಿನಲ್ಲಿ ಬೂಷ್ಟು ಎಲ್ಲಿಂದ ಬಂತು? ಬಟ್ಟೆಚೀಲ ಬಚ್ಚಲ ಗೋಡೆಗೆ ಒತ್ತಿಕೊಂಡಿತ್ತು. ಹದಿನೇಳೂ ಆ ಚೀಲದವೇ. ಅವನ್ನು ಮೊದಲು ಬೇರೆ ಕೋಣೆಗೆ ಸಾಗಿಸಿ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ಹತ್ತು ದಿನ ಇಡಲಾಯಿತು. ಹಸಿ ಬೂಷ್ಟು ಒರೆಸಿದರೆ ಬಳಿದುಕೊಳ್ಳುತ್ತದೆ, ಒಣಗಿದ್ದು ಪುಡಿಯಾಗಿ ಉದುರುತ್ತದೆ. ಆಮೇಲೆ ಎನ್95 ಮಾಸ್ಕು, ಕೈಗವಸು ಹಾಕಿಕೊಂಡು, ಅಂಗಳದಲ್ಲಿ ಗಾಳಿಗೆ ಬೆನ್ನು ಕೊಟ್ಟು ಕೂತು, ಕವಚ ಬಿಚ್ಚಿ ಮೆತ್ತನೆಯ ಬ್ರಷ್ಷಿನಿಂದ ಸುರುಳಿಯ ಅಂಚು ಗುಡಿಸಿದ್ದು. ಹಳೆಯ ಕವಚ ತೆಗೆದಿಟ್ಟು ಟೇಪನ್ನು ಹೊಸ ಕವಚಕ್ಕೆ ಹಾಕಿ, ನೂಲು ಬಿಡದ ಒಣ ಬಟ್ಟೆಯ ನಡುವೆ ಕೈಯಿಂದ ನಿಧಾನ ಸುತ್ತಿಸಲಾಯಿತು. ಸ್ಪಿರಿಟ್ಟು ಯಂತ್ರದ ಹೆಡ್ಡಿಗೆ ಮಾತ್ರ. ಟೇಪಿನ ಮೈಗೆ ನೀರಾಗಲಿ ಸ್ಪಿರಿಟ್ಟಾಗಲಿ ತಾಗಲಿಲ್ಲ. ಬೂಷ್ಟಿನ ಒಂದು ಕ್ಯಾಸೆಟ್ ಓಡಿದ ಮೇಲೆ ಹೆಡ್ಡು, ರೋಲರು ಒರೆಸದೆ ಇನ್ನೊಂದನ್ನು ಹಾಕಬಾರದು. ಒಂದರ ಬೂಷ್ಟು ಇನ್ನೊಂದಕ್ಕೆ ದಾಟುತ್ತದೆ.

ಕವಚ ಬದಲಿಸುವುದು ಕೈ ಪಳಗಿದರೆ ಇಪ್ಪತ್ತು ನಿಮಿಷದ ಕೆಲಸ. ಐದು ಸ್ಕ್ರೂ ಇರುವ ಹೊಸ ಖಾಲಿ ಕ್ಯಾಸೆಟ್ಟುಗಳನ್ನು ದಾನಿಗಳಾಗಿ ಇಟ್ಟುಕೊಳ್ಳಬೇಕು. ಹಳೆಯದನ್ನು ಮೊದಲ ಬದಿ ಮೇಲೆ ಬರುವಂತೆ ಮಟ್ಟಸವಾದ ಮೇಜಿನ ಮೇಲಿಟ್ಟು ಸ್ಕ್ರೂ ಬಿಚ್ಚಿ, ಮೇಲಿನ ಅರ್ಧವನ್ನು ನೇರಕ್ಕೆ ಎತ್ತಬೇಕು. ಓರೆಯಾಗಿ ಎತ್ತಿದರೆ ಸುರುಳಿಯ ಮೇಲಿನ ಜಾರುಹಾಳೆಯ ಜೊತೆ ಸುರುಳಿಯೂ ಎದ್ದು ಕುಸಿಯುತ್ತದೆ. ಕುಸಿದ 90ರ ಸುರುಳಿಯನ್ನು ಮತ್ತೆ ಸುತ್ತಲು ಒಂದು ಮಧ್ಯಾಹ್ನ ಬೇಕಾಯಿತು. ಟೇಪು ಹಾದುಹೋಗುವ ದಾರಿಯ ಫೋಟೊ ತೆಗೆದೇ ಕೈ ಹಾಕಬೇಕು. ಎಡ ಬಲದ ಪುಟ್ಟ ಗಾಲಿಗಳು, ಅವುಗಳ ಕಡ್ಡಿ, ಪ್ಯಾಡಿನ ಹಿಂದಿನ ಲೋಹದ ತಗಡು, ಯಾವುದೊಂದು ಮರೆತರೂ ಗುಂಯ್‌ಗುಡುವ ಸದ್ದು ಸೇರುತ್ತದೆ ಅಥವಾ ಟೇಪು ಮೇಲೆ ಕೆಳಗೆ ಅಲೆಯುತ್ತದೆ. ಅಂಟಿಸಿ ಮುಚ್ಚಿದ, ಸ್ಕ್ರೂ ಇಲ್ಲದ ಕವಚಗಳೂ ಇದ್ದವು. ಅವನ್ನು ಹಿಂಬದಿಯ ಅಂಚಿನಿಂದ ಬ್ಲೇಡಿನಲ್ಲಿ ಬಿಡಿಸಬೇಕು, ಟೇಪು ಕಾಣುವ ಮುಂಬದಿಯಿಂದ ಮೀಟಬಾರದು.

ಬಿದ್ದ ಪ್ಯಾಡನ್ನು ಫೆವಿಕ್ವಿಕ್ ಹಾಕಿ ಅಂಟಿಸುವ ರೂಢಿ ಇದೆ. ಅಂಟು ಉಣ್ಣೆಗೆ ಹೀರಿಕೊಂಡು ಪ್ಯಾಡು ಗಟ್ಟಿಯಾಗಿ ಟೇಪನ್ನು ತರಚುತ್ತದೆ. ದಾನಿ ಕ್ಯಾಸೆಟ್ಟಿನಿಂದ ತಗಡಿನ ಸಮೇತ ಪ್ಯಾಡು ತೆಗೆದು ಹಾಕುವುದು ಸರಿ. ತುಂಡಾದ ಟೇಪಿಗೆ ಅದರದೇ ಅಗಲದ, 3.81 ಮಿ.ಮೀ. ಜೋಡಣೆ ಪಟ್ಟಿಯೇ ಬೇಕು. ಸ್ಟೇಷನರಿ ಅಂಗಡಿಯ ಸೆಲ್ಲೋಟೇಪಿನ ಅಂಟು ಬೇಸಿಗೆಗೆ ಒಸರಿ ಪಕ್ಕದ ಸುತ್ತುಗಳನ್ನೆಲ್ಲ ಕೂಡಿಸುತ್ತದೆ. ಮಾಸ್ತರರು ಹಾಗೆ ಜೋಡಿಸಿದ್ದ ನಾಲ್ಕು ಕಡೆ ಹಳೆಯ ಅಂಟು ಬಿಡಿಸುವಷ್ಟರಲ್ಲಿ ಒಂದೆರಡು ಸೆಕೆಂಡಿನ ದನಿ ಹೋಯಿತು. ಟೇಪು ಸೆಕೆಂಡಿಗೆ 4.76 ಸೆಂ.ಮೀ. ಓಡುತ್ತದೆ, ಒಂದು ಸೆಂಟಿಮೀಟರು ಕತ್ತರಿಸಿದರೆ ಸೆಕೆಂಡಿನ ಐದನೇ ಒಂದು ಪಾಲು. ತಬಲಾದ ಒಂದು ಬೋಲ್ ಅಷ್ಟರಲ್ಲಿ ಹೋಗಿರುತ್ತದೆ.

ಯಂತ್ರ ಮತ್ತು ದಾಖಲೆ

ಕ್ಯಾಸೆಟ್ಟಿನಿಂದ ನೇರ ಪೆನ್‌ಡ್ರೈವಿಗೆ ಇಳಿಸುವ ಅಗ್ಗದ ಯುಎಸ್‌ಬಿ ಪ್ಲೇಯರುಗಳು ಈ ಕೆಲಸಕ್ಕೆ ಬೇಡ. ಅವುಗಳ ಓಟ ತೂಗಾಡುತ್ತದೆ. ತಂಬೂರಿಯ ಉದ್ದ ನಾದದಲ್ಲಿ ಆ ತೂಗಾಟ ಮೊದಲು ಕೇಳುತ್ತದೆ, ಆಮೇಲೆ ಅದನ್ನು ತೆಗೆಯಲಾಗದು. ಇಲ್ಲಿ ಬಳಸಿದ್ದು ದೊಡ್ಡ ಗಾತ್ರದ ಹಳೆಯ ಸ್ಟೀರಿಯೊ ಡೆಕ್ಕು. ಬೆಲ್ಟು, ಪಿಂಚ್ ರೋಲರು ಹೊಸದು ಹಾಕಿಸಿ, ಹೆಡ್ಡಿನ ಕಾಂತತೆ ತೆಗೆಸಿ, 3150 ಹರ್ಟ್ಜ್‌ನ ಪರೀಕ್ಷಾ ಟೇಪಿನಿಂದ ವೇಗ ಸರಿಪಡಿಸಲಾಗಿತ್ತು. ಟೇಪಿನ ಸದ್ದು ತಗ್ಗಿಸುವ ಡಾಲ್ಬಿ ಬಂದ್, ಏಕೆಂದರೆ ಹೆಗಲ ಮೇಲಿನ ಆ ರೆಕಾರ್ಡರುಗಳಲ್ಲಿ ಡಾಲ್ಬಿ ಇರಲಿಲ್ಲ. ಡೆಕ್ಕಿನ ಲೈನ್ ಔಟ್‌ನಿಂದ, ದನಿಯನ್ನು ಕಂಪ್ಯೂಟರಿಗೆ ಇಳಿಸುವ ಆಡಿಯೊ ಇಂಟರ್‌ಫೇಸಿನ ಲೈನ್ ಇನ್‌ಗೆ ತಂತಿ. ಲ್ಯಾಪ್‌ಟಾಪು ಬ್ಯಾಟರಿಯ ಮೇಲೆ ಇಲ್ಲದಿದ್ದರೆ ಹೊಸದಾಗಿ ಒಂದು ಗುಂಯ್ ಸೇರುತ್ತದೆ.

ದಾಖಲೆ 96 ಕಿಲೊಹರ್ಟ್ಜ್, 24 ಬಿಟ್, ಕುಗ್ಗಿಸದ ವೇವ್ ಕಡತ. ಕ್ಯಾಸೆಟ್ಟಿನಲ್ಲಿ ಅಷ್ಟು ಎತ್ತರದ ದನಿ ಇಲ್ಲ ಎಂಬ ಮಾತು ನಿಜ, ಡಿಸ್ಕು ಕಡಿಮೆ ಇದ್ದರೆ 48 ಕಿಲೊಹರ್ಟ್ಜ್ ಸಾಕು. ಆದರೆ 24 ಬಿಟ್ ಬಿಡಬಾರದು, ಮೊದಲ ಪ್ರತಿಯೇ ಎಂಪಿ3 ಆಗಲೇಬಾರದು. ಗಂಟೆಗೆ ಸುಮಾರು 2.07 ಜಿಬಿ. 112, 99, 18 ಗಂಟೆ ಸೇರಿ ಒಟ್ಟು 229 ಗಂಟೆ, ಅಂದರೆ ಸುಮಾರು 475 ಜಿಬಿ. ಅತಿ ಎತ್ತರದ ದನಿ ಮೈನಸ್ 6 ಡೆಸಿಬೆಲ್ ದಾಟದಂತೆ ಮಟ್ಟ ಇಟ್ಟರೆ ಚಪ್ಪಾಳೆಗೂ ಜಾಗ ಉಳಿಯುತ್ತದೆ. ಟೇಪು ಓಡಿದಷ್ಟೇ ಹೊತ್ತು ಕೂಡಬೇಕು, ಇದಕ್ಕೆ ಅಡ್ಡದಾರಿ ಇಲ್ಲ. ದಿನಕ್ಕೆ ನಾಲ್ಕು ಕ್ಯಾಸೆಟ್ ಎಂದರೆ ಒಳ್ಳೆಯ ದಿನ.

ಹೆಚ್ಚಿನವರು ಬಿಟ್ಟುಬಿಡುವ ಕೆಲಸ ಹೆಡ್ಡಿನ ಓರೆ ಸರಿಪಡಿಸುವುದು. ಹೆಡ್ಡಿನ ಸೀಳು ಟೇಪಿಗೆ ಲಂಬವಾಗಿರಬೇಕು. ತುಂಬಿದ ಯಂತ್ರದಲ್ಲಿ ಅದು ಕೂದಲೆಳೆಯಷ್ಟು ವಾಲಿದ್ದರೆ, ಓಡಿಸುವ ಯಂತ್ರದಲ್ಲೂ ಅಷ್ಟೇ ವಾಲಿಸಬೇಕು. ಇಲ್ಲದಿದ್ದರೆ ಎತ್ತರದ ದನಿ ಸಾಯುತ್ತದೆ. ಕಂಬಳಿ ಹೊದ್ದು ಹಾಡಿದಂತೆ ಕೇಳಿದರೆ "ಟೇಪು ಹಳತಾಗಿದೆ" ಎಂದುಬಿಡುತ್ತಾರೆ, ನಿಜವಾಗಿ ಬಹಳ ಸಲ ಓರೆ ತಪ್ಪಿರುತ್ತದೆ. ಮಾಸ್ತರರು ಇಪ್ಪತ್ತನಾಲ್ಕು ವರ್ಷದಲ್ಲಿ ಮೂರು ರೆಕಾರ್ಡರು ಬದಲಿಸಿದ್ದರು, ಅಲ್ಲಿಗೆ ಕನಿಷ್ಠ ಮೂರು ಬಗೆಯ ಓರೆ. ಪ್ರತಿ ಕ್ಯಾಸೆಟ್ಟಿನ ಪ್ರತಿ ಬದಿಗೂ ಸ್ಕ್ರೂ ತಿರುಗಿಸಿ ನೋಡಬೇಕಾಯಿತು. ಒಂದು ಉಪಾಯ ಇದೆ. ಅವರ ರೆಕಾರ್ಡರುಗಳು ಮೋನೊ, 1.5 ಮಿ.ಮೀ. ಅಗಲದ ಒಂದೇ ಪಟ್ಟೆ. ಸ್ಟೀರಿಯೊ ಹೆಡ್ಡು ಅದೇ ಪಟ್ಟೆಯ ಮೇಲಿನ ಕೆಳಗಿನ ಭಾಗ ಎರಡನ್ನೂ ಬೇರೆಬೇರೆ ಓದುತ್ತದೆ. ಒಂದು ಚಾನೆಲನ್ನು ತಲೆಕೆಳಗು ಮಾಡಿ ಇನ್ನೊಂದಕ್ಕೆ ಕೂಡಿಸಿದರೆ, ಓರೆ ಸರಿಯಾದ ಜಾಗದಲ್ಲಿ ಹಾಡು ಬಹುತೇಕ ಮಾಯವಾಗುತ್ತದೆ. ಆ ಬಿಂದುವಿನಲ್ಲಿ ನಿಲ್ಲಿಸಿ, ಕೂಡಿಕೆ ತೆಗೆದು ಕೇಳಿದರೆ ತಂಬೂರಿಯ ಜವಾರಿ (ತಂತಿಯ ಝೇಂಕಾರ) ಎದ್ದು ಬಂದಿರುತ್ತದೆ. ದಾಖಲೆ ಮಾತ್ರ ಎರಡೂ ಚಾನೆಲಿನದು. ಒಂದರಲ್ಲಿ ದನಿ ಬಿದ್ದ ಕಡೆ ಇನ್ನೊಂದು ಉಳಿಸಿಕೊಟ್ಟ ಜಾಗ ಬಹಳ ಇವೆ.

ಸರಿಪಡಿಸಲಾಗದ್ದೂ ಇದೆ. ಆ ರೆಕಾರ್ಡರುಗಳು ಮಟ್ಟವನ್ನು ತಾವೇ ಏರಿಸಿ ಇಳಿಸುತ್ತಿದ್ದವು. ತಬಲಾದ ಗಟ್ಟಿ ಪೆಟ್ಟಿಗೆ ಗಾಯಕರ ದನಿ ಕುಗ್ಗುತ್ತದೆ, ಹಾಡು ನಿಂತ ಕೂಡಲೆ ತಂಬೂರಿ ಉಬ್ಬಿ ಮೇಲೇಳುತ್ತದೆ. ಯಾವ ಸಾಫ್ಟ್‌ವೇರಿನಿಂದ ಇದನ್ನು ತಿರುಗಿಸಲು ಹೋದರೂ ಗಾಯಕರು ಹಾಕದ ಏರಿಳಿತವನ್ನು ಹಾಕಿದಂತಾಗುತ್ತದೆ. ಬಿಟ್ಟುಬಿಡಲಾಯಿತು.

ಶ್ರುತಿ

ಇಡೀ ಕೆಲಸದಲ್ಲಿ ತಲೆ ಕೆಡಿಸಿದ್ದು ಇದು. ಎಂಬತ್ತು, ತೊಂಬತ್ತರ ದಶಕದಲ್ಲಿ ಕರೆಂಟು ನಂಬಿ ರೆಕಾರ್ಡ್ ಮಾಡುವಂತಿರಲಿಲ್ಲ. ಮಾಸ್ತರರು ಸೆಲ್ ಹಾಕಿಯೇ ತುಂಬುತ್ತಿದ್ದರು. ಸೆಲ್ ಇಳಿಯುತ್ತ ಹೋದಂತೆ ರೆಕಾರ್ಡರಿನ ಮೋಟಾರು ನಿಧಾನವಾಗುತ್ತದೆ. ನಿಧಾನವಾಗಿ ತುಂಬಿದ್ದನ್ನು ಸರಿ ವೇಗದಲ್ಲಿ ಓಡಿಸಿದರೆ ಹಾಡು ಚುರುಕಾಗಿ, ಶ್ರುತಿ ಏರಿ ಕೇಳುತ್ತದೆ. 091ನೆಯದರಲ್ಲಿ ಬಡಾ ಖ್ಯಾಲ್ (ವಿಳಂಬ ಲಯದ ಹಾಡಿಕೆ) ಶುರುವಾದಾಗ ಷಡ್ಜ, ಅಂದರೆ ಆಧಾರದ ಸ ಸ್ವರ, 277 ಹರ್ಟ್ಜ್, ಬದಿ ಮುಗಿಯುವಾಗ 284. ಪೇಟಿಯ (ಹಾರ್ಮೋನಿಯಂನ) ಒಂದು ಮನೆಯಿಂದ, ಅಂದರೆ ಒತ್ತುವ ಪಟ್ಟಿಯಿಂದ, ಪಕ್ಕದ ಮನೆಗೆ 100 ಸೆಂಟ್ ಎಂದು ಲೆಕ್ಕ ಹಾಕಿದರೆ ಇದು 43 ಸೆಂಟ್. ಮಧ್ಯದಲ್ಲಿ ಶ್ರುತಿ ದಡಕ್ಕನೆ ಕೆಳಗಿಳಿಯುವ ಕ್ಯಾಸೆಟ್ಟುಗಳೂ ಇವೆ. ನೋಟ್‌ಬುಕ್ಕಿನಲ್ಲಿ ಆ ದಿನದ ಸಾಲಿಗೆ "ಸೆಲ್ ಬದಲು" ಎಂದು ಬರೆದಿದೆ.

ವೇಗ ಕಂಡುಹಿಡಿಯಲು ಜಗತ್ತಿನೆಲ್ಲೆಡೆ ಬಳಸುವ ದಾರಿ, ಧ್ವನಿವರ್ಧಕದಿಂದ ಟೇಪಿಗೆ ಸೇರಿದ ಕರೆಂಟಿನ ಗುಂಯ್ ಸದ್ದನ್ನು ಅಳೆಯುವುದು. ನಮ್ಮ ದೇಶದಲ್ಲಿ ಅದು 50 ಹರ್ಟ್ಜ್ ಇರಬೇಕು. 118ನೆಯದರಲ್ಲಿ ಗುಂಯ್ 50.1 ಇತ್ತು. ವೇಗ ಸರಿಯಿದೆ ಎಂದು ಮುಂದೆ ಹೋಗಲಾಯಿತು. ಆದರೆ ಪೇಟಿಯ ಷಡ್ಜ 286ಕ್ಕೆ ನಿಂತಿತ್ತು. ಪೇಟಿಯ ಮೊದಲ ಕರಿ ಮನೆ, ಕರಿ ಒಂದು, 277.2; ಅದರ ಪಕ್ಕದ ಬಿಳಿ ಎರಡು 293.7. ಎರಡರ ನಟ್ಟನಡುವೆ ಷಡ್ಜ ಹಿಡಿದು ಪೇಟಿ ನುಡಿಸುವವರು ಯಾರೂ ಇಲ್ಲ, ಅಲ್ಲಿ ಮನೆಯೇ ಇಲ್ಲ.

ತಪ್ಪಿದ್ದು ಗುಂಯ್ ಸದ್ದನ್ನು ನಂಬಿದ್ದರಲ್ಲಿ. ತೊಂಬತ್ತರ ದಶಕದಲ್ಲಿ ದಕ್ಷಿಣದ ವಿದ್ಯುತ್ ಜಾಲ ಬೇಡಿಕೆಯ ಭಾರಕ್ಕೆ 50ರಿಂದ ಬಹಳ ಕೆಳಗೆ, 48.5ರ ಆಸುಪಾಸಿಗೂ ಕುಸಿದು ಓಡುತ್ತಿತ್ತು. ಆವರ್ತನಕ್ಕೆ ತಕ್ಕ ದರ ಕಟ್ಟುವ ಎಬಿಟಿ ಪದ್ಧತಿ 2003ರ ಜನವರಿಯಲ್ಲಿ ದಕ್ಷಿಣಕ್ಕೆ ಬಂದ ಮೇಲೆ ಅದು ಸುಧಾರಿಸಿತು. ಷಡ್ಜ 277.2 ಎಂದು ಹಿಡಿದರೆ ಟೇಪು ಶೇ. 3.2ರಷ್ಟು ಚುರುಕು, ಆಗ ಅಂದಿನ ನಿಜವಾದ ಗುಂಯ್ 48.56 ಎಂದಾಗುತ್ತದೆ. ಎರಡು ತಪ್ಪು ಒಂದನ್ನೊಂದು ಮುಚ್ಚಿದ್ದವು. ಇಳಿದ ಸೆಲ್ಲು, ಇಳಿದ ಕರೆಂಟು. ಜನರೇಟರಿನ ಮೇಲೆ ನಡೆದ ಜಾತ್ರೆಯ ಹಾಡಿಕೆಗಳಲ್ಲಂತೂ ಗುಂಯ್ ನಿಮಿಷಕ್ಕೊಂದು ಕಡೆ ಇರುತ್ತದೆ. ಆದ್ದರಿಂದ ನಮ್ಮ ಕಡೆಯ 2003ಕ್ಕಿಂತ ಹಿಂದಿನ ಟೇಪುಗಳಿಗೆ ಪೇಟಿಯೇ ಅಳತೆಗೋಲು. ನೋಟ್‌ಬುಕ್ಕಿನಲ್ಲಿ ಮಾಸ್ತರರು ಪ್ರತಿ ಗಾಯಕರ ಮುಂದೆ "ಕರಿ 1", "ಕರಿ 2", "ಬಿಳಿ 4" ಎಂದು ಬರೆದಿಟ್ಟಿದ್ದರು. ಆ ಎರಡಕ್ಷರ, ಒಂದಂಕಿಗೆ ಬೆಲೆ ಕಟ್ಟಲಾಗದು. ಹಳೆಯ ಪೇಟಿಗಳು ಒಂದಷ್ಟು ಸೆಂಟ್ ಹೆಚ್ಚುಕಡಿಮೆ ಇರುತ್ತವೆ, ಅರ್ಧ ಮನೆಯಷ್ಟು ಅಲ್ಲ.

ಸರಿಪಡಿಸಿದ್ದು ಕೇಳುವ ಪ್ರತಿಯಲ್ಲಿ ಮಾತ್ರ, ಮೂಲ ದಾಖಲೆ ಏರಿದ ಶ್ರುತಿಯಲ್ಲೇ ಇದೆ. ಆಡಾಸಿಟಿ ಎಂಬ ಧ್ವನಿ ಸಾಫ್ಟ್‌ವೇರಿನಲ್ಲಿ ವೇಗ ಬದಲಿಸುವ ಟೈಮ್ ಟ್ರ್ಯಾಕ್ ಹಾಕಿ, ಐದೈದು ನಿಮಿಷಕ್ಕೊಮ್ಮೆ ತಂಬೂರಿ ಅಥವಾ ಪೇಟಿ ಒಂಟಿಯಾಗಿ ಕೇಳುವ ಜಾಗದಲ್ಲಿ ಷಡ್ಜ ಅಳೆದು, ಅಲ್ಲಲ್ಲಿ ಬಿಂದು ಇಟ್ಟು ವೇಗ ಇಳಿಸಲಾಯಿತು. ಲಯವನ್ನು ಹಾಗೇ ಇಟ್ಟು ಶ್ರುತಿಯನ್ನಷ್ಟೇ ಇಳಿಸುವ ಸಾಧನ ಬಳಸಬಾರದು, ಏಕೆಂದರೆ ಲಯವೂ ಅಷ್ಟೇ ಕೆಟ್ಟಿರುತ್ತದೆ.

ತಿಥಿ, ಹೆಸರು, ನೆನಪು

ನೋಟ್‌ಬುಕ್ಕಿನ ಅರ್ಧದಷ್ಟು ನಮೂದುಗಳಿಗೆ ಇಂಗ್ಲಿಷ್ ತಾರೀಕಿಲ್ಲ. "ಪ್ರಭವ, ಶ್ರಾ. ಬ. 2" ಎಂದರೆ ಶ್ರಾವಣ ಬಹುಳ ಬಿದಿಗೆ, ರಾಯರ ಆರಾಧನೆಯ ದಿನ. ಪ್ರಭವ ಸಂವತ್ಸರ 1987ರ ಯುಗಾದಿಗೆ ಶುರು, ಹಾಗಾಗಿ 1987ರ ಆಗಸ್ಟ್. ಇಲ್ಲೊಂದು ಎಡವುಗಲ್ಲಿದೆ. "ಪ್ರಭವ, ಪುಷ್ಯ ಬ. 2, ಕೊಪ್ಪಳ" ಎಂಬುದು ಗವಿಮಠದ ಜಾತ್ರೆ. ಸಂವತ್ಸರ ಅದೇ ಇದ್ದರೂ ಅದು 1988ರ ಜನವರಿ. ಮೊದಲ ಸುತ್ತಿನಲ್ಲಿ ಇಂಥ ಹದಿನಾಲ್ಕು ನಮೂದು ಒಂದು ವರ್ಷ ಹಿಂದಕ್ಕೆ ಬಿದ್ದಿದ್ದವು. ತಿಥಿಯನ್ನು ಅವರು ಬರೆದಂತೆಯೇ ಒಂದು ಕಾಲಂನಲ್ಲಿ, ಲೆಕ್ಕ ಹಾಕಿದ ತಾರೀಕನ್ನು ಇನ್ನೊಂದರಲ್ಲಿ ಇಡಬೇಕು. ಲೆಕ್ಕ ತಪ್ಪಿದರೂ ಮೂಲ ಉಳಿಯುತ್ತದೆ.

ದೊಡ್ಡ ತಪ್ಪು ಆದದ್ದು ಇದರ ಮುಂದಿನ ಹೆಜ್ಜೆಯಲ್ಲಿ. ಗಾಯಕರ ಹೆಸರು ಬಹುತೇಕ ಎಲ್ಲ ಕಡೆ ಇದೆ. ತಬಲಾ, ಪೇಟಿ, ಸಾರಂಗಿಯವರ ಹೆಸರು ಅರ್ಧ ಕಡೆ ಇಲ್ಲ, ಏಕೆಂದರೆ ಮಾಸ್ತರರಿಗೆ ಅದು ಗೊತ್ತೇ ಇತ್ತು. ಅದನ್ನು ಹೇಳಬಲ್ಲವರು ಊರಿನಲ್ಲಿ ಆಗ ನಾಲ್ವರಿದ್ದರು, ಎಲ್ಲರೂ ಎಪ್ಪತ್ತೈದು ದಾಟಿದವರು. ದಾಖಲೆ ಪೂರ್ತಿ ಮುಗಿಸಿ, ಚೊಕ್ಕ ಮಾಡಿ ಅವರಿಗೆ ಕೇಳಿಸೋಣ ಎಂದು ಏಳು ತಿಂಗಳು ಕಾಯಲಾಯಿತು. ಅಷ್ಟರಲ್ಲಿ ಅವರಲ್ಲಿ ಹಿರಿಯ ತಬಲಾ ವಾದಕರೊಬ್ಬರು ತೀರಿಕೊಂಡರು. ಟೇಪು ಏಳು ತಿಂಗಳು ಕಾಯುತ್ತಿತ್ತು. ಮೊದಲ ಹತ್ತು ಕ್ಯಾಸೆಟ್ ಇಳಿದ ವಾರವೇ ಅವರ ಮನೆಗೆ ಹೋಗಿ, ಗೊರಗೊರ ಸದ್ದಿನ ಸಮೇತ ಕೇಳಿಸಬೇಕಿತ್ತು.

ಉಳಿದ ಮೂವರ ಜೊತೆ ಒಂಬತ್ತು ಸಂಜೆ ಕೂತದ್ದು. ಪ್ರತಿ ಕಛೇರಿಯ ಐದು ನಿಮಿಷ: ಶುರುವಿನದು, ನಡುವಿನದು, ತಬಲಾ ಒಂಟಿಯಾಗಿ ಕೇಳುವ ಒಂದು ತುಣುಕು. ಹೆಸರು ತೋರಿಸದೆ ಕೇಳಿಸಬೇಕು, ತೋರಿಸಿದರೆ ಹೌದೆಂದುಬಿಡುತ್ತಾರೆ. "ಇದು ಅವರ ಕೈ ಅಲ್ರೀ, ಅವರು ಸಮ್ಮಿಗೆ ಇಷ್ಟು ಜೋರು ಬೀಳ್ತಿರ್ಲಿಲ್ಲ" ಎಂಬಂಥ ಮಾತುಗಳನ್ನೂ ರೆಕಾರ್ಡ್ ಮಾಡಿ ಕಡತದ ಜೊತೆ ಇಡಲಾಗಿದೆ. ರಾಗದ ಬಗ್ಗೆ ಇಬ್ಬರು ಎರಡು ಹೇಳಿದರೆ ಎರಡನ್ನೂ ಬರೆದಿಡಬೇಕು.

ಇದೇ ಕಾರಣಕ್ಕೆ ಕಛೇರಿಯನ್ನು ಹಾಡು ಹಾಡಾಗಿ ಕತ್ತರಿಸಲಿಲ್ಲ. ತಂಬೂರಿ ಶ್ರುತಿ ಮಾಡುವ ಹತ್ತು ನಿಮಿಷ, ಸ್ವಾಗತ ಭಾಷಣ, "ಒಂದು ದಾಸರ ಪದ ಆಗ್ಲಿ" ಎಂಬ ಕೂಗು, ಚಹಾ ಬಂದ ಸದ್ದು, ಎಲ್ಲ ಹಾಗೇ ಇವೆ. ಮೂರು ಕಛೇರಿಗಳ ಊರು ಗೊತ್ತಾದದ್ದು ಸ್ವಾಗತ ಭಾಷಣದಿಂದಲೇ.

ಯಾರಿಗೆ ಸೇರಿದ್ದು, ಎಲ್ಲಿ ಇಡುವುದು

ಕ್ಯಾಸೆಟ್ಟುಗಳು ಮನೆಯವರವು. ಹಾಡಿಕೆ ಹಾಡಿದವರದ್ದು. 1957ರ ಕಾಪಿರೈಟ್ ಕಾಯ್ದೆಗೆ 1994ರ ತಿದ್ದುಪಡಿ ಸೇರಿಸಿದ 38ನೇ ಕಲಂ ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ ಹಕ್ಕು ಕೊಡುತ್ತದೆ. 1999ರ ತಿದ್ದುಪಡಿಯಿಂದ ಅದರ ಅವಧಿ 50 ವರ್ಷ. ಸ್ವಂತಕ್ಕೆ ಕೇಳಲು, ಪ್ರಾಮಾಣಿಕವಾಗಿ ಕಲಿಸಲು, ಸಂಶೋಧನೆಗೆ ಧ್ವನಿಮುದ್ರಿಸುವುದನ್ನು 39ನೇ ಕಲಂ ಹೊರಗಿಟ್ಟಿದೆ. ಯೂಟ್ಯೂಬಿಗೆ ಏರಿಸುವುದು ಅದರೊಳಗೆ ಬರುವುದಿಲ್ಲ. ಹಾಗಾಗಿ ಗಾಯಕರಿಗೆ ಅಥವಾ ಅವರ ಮಕ್ಕಳಿಗೆ ಒಂದು ಪುಟದ ಕನ್ನಡ ಪತ್ರ ಹೋಯಿತು, ಜೊತೆಗೆ ಅವರ ಕಛೇರಿಯ ಪೂರ್ತಿ ಪ್ರತಿ. ಒಪ್ಪಿಗೆ ಕೊಡಲಿ ಬಿಡಲಿ, ಪ್ರತಿ ಅವರದೇ. ಸಾಥಿದಾರರೂ ಕಲಾವಿದರೇ, ಅವರನ್ನೂ ಕೇಳಬೇಕು. ಪ್ರತಿ ಕೈಸೇರಿದ ಮನೆಗಳಿಂದ ಒಪ್ಪಿಗೆ ಬರುವುದು ಸುಲಭವಾಯಿತು. ರೇಡಿಯೊದಿಂದ ತುಂಬಿಕೊಂಡದ್ದನ್ನು ಎಲ್ಲಿಗೂ ಏರಿಸುವುದಿಲ್ಲ. ಮನೆಯ ಮಾತುಕತೆ, ಮಕ್ಕಳ ದನಿ ಸಿಕ್ಕ ಭಾಗಗಳು ಮನೆಯವರಿಗೆ ಮಾತ್ರ.

ಮೂರು ಪ್ರತಿ: ಎರಡು ಹಾರ್ಡ್ ಡಿಸ್ಕು ಬೇರೆಬೇರೆ ಕಂಪನಿಯವು, ಬೇರೆಬೇರೆ ಮನೆಯಲ್ಲಿ. ಇನ್ನೊಂದು ಊರ ಹೊರಗಿನ ನೆಂಟರಲ್ಲಿ. ಪ್ರತಿ ಕಡತಕ್ಕೂ, ಅದು ಕೆಟ್ಟಿಲ್ಲವೆಂದು ತಿಳಿಸುವ ಅಂಕಿಯಾದ ಚೆಕ್‌ಸಮ್ ಬರೆದ ಪಟ್ಟಿ ಇದೆ, ಯುಗಾದಿಗೊಮ್ಮೆ ತಾಳೆ ನೋಡುವುದು. ಕರೆಂಟು ಕೊಡದೆ ವರ್ಷಗಟ್ಟಲೆ ಕಪಾಟಿನಲ್ಲಿಡಲು ಎಸ್‌ಎಸ್‌ಡಿ ಬೇಡ. ಕೇಳಲು ಎಂಪಿ3 ಪ್ರತಿ ಬೇರೆ ಇದೆ. ವಾಟ್ಸ್ಆ್ಯಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಎಂದು ಕಳಿಸಬೇಕು.

ಕ್ಯಾಸೆಟ್ಟುಗಳನ್ನು ಎಸೆದಿಲ್ಲ. ಓಡುವ ವೇಗದಲ್ಲೇ ಕೊನೆವರೆಗೆ ಸುತ್ತಿಸಿ, ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ, ಒಳಕೋಣೆಯ ಕಬ್ಬಿಣದ ಅಲಮಾರಿಯ ಕೆಳಗಿನ ಅರೆಯಲ್ಲಿ ಸಿಲಿಕಾ ಜೆಲ್ ಜೊತೆ ಇವೆ, ಸ್ಪೀಕರು ಮತ್ತು ಮೋಟಾರಿನಿಂದ ದೂರ. ತೆಗೆದಿಟ್ಟ ಹಳೆಯ ಕವಚಗಳೂ ಅವುಗಳ ಅಂಕಿಯ ಜೊತೆ ಅಲ್ಲೇ ಇವೆ, ಅವುಗಳ ಮೇಲೆ ಮಾಸ್ತರರ ಕೈಬರಹವಿದೆ. ಆರು ಸ್ಪೂಲುಗಳು ಸರಿಯಾದ ಯಂತ್ರಕ್ಕೆ ಕಾದಿವೆ. ಪಟ್ಟಿಯಲ್ಲಿ ಹನ್ನೊಂದು ಕಛೇರಿಗಳ ತಬಲಾ ಕಾಲಂ, 143ನೆಯದರ ಸಾರಂಗಿ ಕಾಲಂ ಇನ್ನೂ ಖಾಲಿ ಇವೆ.